620 ರೂಪಾಯಿಯ ಟ್ಯಾಂಕ್ ಫ್ಲೋಟ್: ಎಂಟು ತಿಂಗಳು ಬಳಸಿದ ಮೇಲೆ

ನಾನು ಪಶು ವೈದ್ಯಕೀಯ ಪರೀಕ್ಷಕ. ತೀರ್ಥಹಳ್ಳಿ ಸುತ್ತಿನ ಹಳ್ಳಿಗಳಿಗೆ ದಿನಾ 70-80 ಕಿಲೋಮೀಟರ್ ಬೈಕಿನಲ್ಲೇ ಓಡಾಟ. ಒಳರಸ್ತೆಗೆ ತಿರುಗಿದ ಮೇಲೆ ಬಂಕ್ ಸಿಗುವುದು ಕಷ್ಟ. ಗಾಡಿ 2012ರದ್ದು, ಕಾರ್ಬುರೇಟರ್ ಇರುವ 100 ಸಿಸಿ. ಟ್ಯಾಂಕ್ 10 ಲೀಟರ್.

ಪೆಟ್ರೋಲ್ ಮೀಟರ್ ಕೆಟ್ಟು ಮೂರು ವರ್ಷವಾಗಿತ್ತು. ಮುಳ್ಳು ಯಾವಾಗಲೂ ಕೆಳಗೇ. ಗಾಡಿ ಅಲ್ಲಾಡಿಸಿ ಸದ್ದು ಕೇಳುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ, ಕರು ಹಾಕಲು ಕಷ್ಟಪಡುತ್ತಿದ್ದ ಹಸುವಿನ ಮನೆಯಿಂದ ಫೋನ್ ಬಂತು. ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ರಿಸರ್ವ್‌ಗೆ (ಟ್ಯಾಂಕ್ ತಳದಲ್ಲಿ ಉಳಿಯುವ ಪೆಟ್ರೋಲ್‌ಗೆ) ತಿರುಗಿಸಲು ಕೈ ಹಾಕಿದರೆ ಕಾಕ್, ಅಂದರೆ ಟ್ಯಾಂಕ್ ಕೆಳಗಿನ ಪೆಟ್ರೋಲ್ ನಲ್ಲಿ, ಆಗಲೇ ರಿಸರ್ವ್‌ನಲ್ಲಿತ್ತು. ಹಿಂದಿನ ಸಲ ಪೆಟ್ರೋಲ್ ಹಾಕಿಸಿದಾಗ ವಾಪಸ್ ತಿರುಗಿಸಿರಲಿಲ್ಲ. ದಾರಿ ಬದಿಯ ಮನೆಯವರು ತಮ್ಮ ಗಾಡಿಯ ಪೈಪ್ ಬಿಚ್ಚಿ ಅರ್ಧ ಲೀಟರ್ ಕೊಟ್ಟರು. ನಲವತ್ತು ನಿಮಿಷ ತಡವಾಯಿತು. ಕರು ಉಳಿಯಿತು. ಆದರೆ ಆ ಹಸು ಅಷ್ಟು ಹೊತ್ತು ನರಳಿದ್ದು ನನಗೆ ಈಗಲೂ ಸಂಕಟ.

ಮರುದಿನವೇ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಟ್ಯಾಂಕ್ ಕೆಳಗಿನ ಸಾಕೆಟ್ ಬಿಚ್ಚಿ, ಮೀಟರ್ ಕಡೆಯ ಎರಡು ವೈರ್ ಸೇರಿಸಿ ಹಿಡಿದರು. ಮುಳ್ಳು ಸೀದಾ ಫುಲ್‌ಗೆ ಏರಿತು. "ಮೀಟರ್ ಚೆನ್ನಾಗಿದೆ ಡಾಕ್ಟ್ರೇ, ಒಳಗಿನ ಫ್ಲೋಟ್ ಹೋಗಿದೆ" ಅಂದರು. ಪೆಟ್ರೋಲ್ ಮೇಲೆ ತೇಲುತ್ತಾ ಎಷ್ಟಿದೆ ಅಂತ ಮೀಟರ್‌ಗೆ ತಿಳಿಸುವ ಭಾಗ ಅದು. ಬಿಚ್ಚಿ ನೋಡಿದರೆ ತೇಲಬೇಕಾದ ಫ್ಲೋಟ್ ಒಳಗೇ ಪೆಟ್ರೋಲ್ ತುಂಬಿಕೊಂಡು ಮುಳುಗಿತ್ತು. ಮೂರು ವರ್ಷ ಸುಮ್ನೆ ಮೀಟರನ್ನು ಬೈದಿದ್ದೆ.

ಮೊದಲು ಆನ್‌ಲೈನ್‌ನಲ್ಲಿ 180 ರೂಪಾಯಿಯದ್ದು ತರಿಸಿದೆ. ಅದರಲ್ಲಿ ಫ್ಲೋಟ್ ಹಿಡಿದಿರುವ ತಂತಿಯ ಉದ್ದವೇ ಬೇರೆ. ಟ್ಯಾಂಕ್ ಫುಲ್ ಇದ್ದರೂ ಮುಕ್ಕಾಲು ತೋರಿಸಿತು. ಆಮೇಲೆ ಗಾಡಿಯ ಕಂಪನಿಯದ್ದೇ ಫ್ಲೋಟ್ ತಂದೆ, 620 ರೂಪಾಯಿ. ಕೂಲಿ 150.

ಹಾಕಿದ ದಿನ ಇನ್ನೊಂದು ಕೆಲಸ ಮಾಡಿದೆವು. ಇದನ್ನು ಎಲ್ಲರೂ ಮಾಡಬೇಕು ಅನ್ನಿಸುತ್ತದೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಖಾಲಿ ಟ್ಯಾಂಕಿಗೆ ಲೀಟರ್ ಲೆಕ್ಕದಲ್ಲಿ ಪೆಟ್ರೋಲ್ ಸುರಿಯುತ್ತಾ ಹೋದೆವು. ಒಂದು ಲೀಟರ್‌ಗೆ ಮುಳ್ಳು ಅಲ್ಲಾಡಲೇ ಇಲ್ಲ. ಎರಡಕ್ಕೆ ಸ್ವಲ್ಪ ಎದ್ದಿತು. ಮೂರಕ್ಕೆ ಕೆಂಪು ಗೆರೆ ದಾಟಿತು. ಐದಕ್ಕೆ ಸರಿಯಾಗಿ ಅರ್ಧ. ಎಂಟಕ್ಕೇ ಫುಲ್ ಅಂತ ನಿಂತಿತು, ಉಳಿದ ಎರಡು ಲೀಟರ್ ಅದಕ್ಕೆ ಲೆಕ್ಕವೇ ಇಲ್ಲ. ಫ್ಲೋಟ್ ಅಷ್ಟರಲ್ಲೇ ಮೇಲೆ ತಾಗಿರುತ್ತದೆ. ಹಾಗಾಗಿ ಟ್ಯಾಂಕ್ ತುಂಬಿಸಿದ ಮೇಲೆ ಮೊದಲ ನೂರು ಕಿಲೋಮೀಟರ್ ಮುಳ್ಳು ಇಳಿಯುವುದೇ ಇಲ್ಲ. ನನ್ನ ಗಾಡಿಯ ಮೈಲೇಜ್ 55ರ ಹತ್ತಿರ. ಈ ಲೆಕ್ಕವನ್ನೆಲ್ಲ ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಿದ್ದೇನೆ.

ಎಂಟು ತಿಂಗಳಲ್ಲಿ ಒಮ್ಮೆಯೂ ಕೈ ಕೊಟ್ಟಿಲ್ಲ. ಒಂದೇ ತೊಂದರೆ, ಇಳಿಜಾರಿನಲ್ಲಿ ನಂಬುವ ಹಾಗಿಲ್ಲ. ಆಗುಂಬೆ ಘಾಟಿ ಹತ್ತುವಾಗ ಒಂದು ಥರ, ಇಳಿಯುವಾಗ ಇನ್ನೊಂದು ಥರ ತೋರಿಸುತ್ತದೆ. ಟ್ಯಾಂಕಿನೊಳಗೆ ಪೆಟ್ರೋಲ್ ಒಂದು ಕಡೆ ಸರಿಯುತ್ತದಲ್ವಾ? ಅದು ಫ್ಲೋಟಿನ ತಪ್ಪಲ್ಲ. ಸೈಡ್ ಸ್ಟ್ಯಾಂಡ್‌ನಲ್ಲೂ ಹಾಗೇ. ಸಮತಟ್ಟಾದ ಜಾಗದಲ್ಲಿ ಗಾಡಿ ನೆಟ್ಟಗೆ ಹಿಡಿದು ನೋಡಬೇಕು. ಕಾಕ್ ಅಂತೂ ಈಗ ಬಂಕ್‌ನಲ್ಲೇ ಕೈಯಿಂದ ಮುಟ್ಟಿ ನೋಡಿ ಹೊರಡುತ್ತೇನೆ. ಮಳೆಗಾಲದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ.

ಹಾಕಿಸುವವರು ಫ್ಲೋಟ್ ಜೊತೆ ಹೊಸ ರಬ್ಬರ್ ವಾಷರ್ ಕೂಡ ಕೇಳಿ ಪಡೆಯಿರಿ. ನನಗೆ ಹಳೆಯದನ್ನೇ ಹಾಕಿದ್ದರು, ಎರಡನೇ ದಿನ ಪೆಟ್ರೋಲ್ ವಾಸನೆ ಬಂತು. ವಾಷರ್ ಬದಲಿಸಿದ ಮೇಲೆ ಸರಿಹೋಯಿತು.