ಇಟಾಸ್ಕ ಸ್ಟೇಟ್ ಪಾರ್ಕ್ ಕ್ಯಾಂಪಿಂಗ್ ರಿವ್ಯೂ: ಮಿನ್ನೆಸೋಟದಲ್ಲಿರೋ ನಮ್ಮೋರು ಒಂದ್ಸಲ ಹೋಗ್ಲೇಬೇಕು

ಮಿನಿಯಾಪೊಲಿಸ್ ಕಡೆ ಇರೋ ಕನ್ನಡದವ್ರು ಯಾರಾದ್ರೂ ಟೆಂಟ್ ಹಾಕೋಕೆ ಮೊದಲ್ನೇ ಸಲ ಎಲ್ಲಿಗೆ ಹೋಗೋಣ ಅಂತ ಕೇಳಿದ್ರೆ ನಾನು ಹೇಳೋ ಹೆಸರು ಒಂದೇ, ಇಟಾಸ್ಕ. ದೂರ ಹೌದು, ಹತ್ತಿರತ್ತಿರ ನಾಲ್ಕು ಗಂಟೆ ಡ್ರೈವ್, ಅದಕ್ಕಿಂತ ಹತ್ರದಲ್ಲಿ ಒಳ್ಳೊಳ್ಳೆ ಪಾರ್ಕ್‌ಗಳು ಬೇಕಾದಷ್ಟಿವೆ, ಆದ್ರೆ ಊರಿಂದ ಅಪ್ಪ ಅಮ್ಮ ಬಂದಿದಾರೆ, ಮಕ್ಕಳಿಗೆ ರಜ, ಎಲ್ರಿಗೂ ಒಂದೇ ಜಾಗದಲ್ಲಿ ಏನಾದ್ರೂ ಇರ್ಬೇಕು ಅಂದ್ರೆ ಇದರ ಸಮ ಇನ್ನೊಂದಿಲ್ಲ. 32,000 ಎಕರೆ ಕಾಡು, ಒಳಗೆ ನೂರಕ್ಕೂ ಹೆಚ್ಚು ಕೆರೆ, ಸಾಲದ್ದಕ್ಕೆ ಮಿಸಿಸಿಪ್ಪಿ ನದಿ ಹುಟ್ಟೋದೇ ಇಲ್ಲಿ. 1891ರಲ್ಲಿ ಶುರುವಾದ ಪಾರ್ಕಿದು, ಮಿನ್ನೆಸೋಟದಲ್ಲೇ ಅತ್ಯಂತ ಹಳೇದು, ಆಗ ಶಾಸನಸಭೆಯಲ್ಲಿ ಒಂದೇ ಒಂದು ವೋಟಲ್ಲಿ ಪಾಸಾಗಿದ್ದಂತೆ.

ಮೊದ್ಲು ಬುಕಿಂಗ್ ವಿಷ್ಯ. 120 ದಿನ ಮುಂಚೆ ಸೈಟ್‌ಗಳು ಓಪನ್ ಆಗುತ್ತೆ, ಅಂದ್ರೆ ಜುಲೈ ತಿಂಗಳ ವೀಕೆಂಡ್ ಬೇಕು ಅಂದ್ರೆ ಮಾರ್ಚಲ್ಲೇ ಕ್ಯಾಲೆಂಡರ್ ನೋಡ್ಕೊಂಡು ಕೂತಿರ್ಬೇಕು, ಹೊರಗಡೆ ಇನ್ನೂ ಹಿಮ ಬಿದ್ದಿರುತ್ತೆ, ಕ್ಯಾಂಪಿಂಗ್ ನೆನಪೇ ಬರಲ್ಲ ಯಾರಿಗೂ, ಅಷ್ಟರಲ್ಲಿ ಒಳ್ಳೇ ಸೈಟೆಲ್ಲ ಹೋಗಿರುತ್ತೆ. ಸೈಟ್ ದುಡ್ಡು ಬೇರೆ, ಕಾರಿಗೆ ಪರ್ಮಿಟ್ ಬೇರೆ. ಪರ್ಮಿಟ್ ಒಂದು ದಿನಕ್ಕೂ ಸಿಗುತ್ತೆ, ವರ್ಷಕ್ಕೂ ಸಿಗುತ್ತೆ. ಬೇಸಿಗೇಲಿ ಇನ್ನೆರಡು ಸ್ಟೇಟ್ ಪಾರ್ಕಿಗೆ ಹೋಗೋ ಮನಸ್ಸಿದ್ರೆ ಕಣ್ಮುಚ್ಕೊಂಡು ವರ್ಷದ್ದೇ ತಗೊಳ್ಳಿ.

ಈಗ ಮುಖ್ಯವಾದ್ದು, ಎಲ್ಲಿ ಟೆಂಟ್ ಹಾಕೋದು. ಒಳಗೆ ಎರಡು ದೊಡ್ಡ ಕ್ಯಾಂಪ್‌ಗ್ರೌಂಡ್ ಇವೆ, ಬೇರ್ ಪಾ ಮತ್ತೆ ಪೈನ್ ರಿಡ್ಜ್. ಎರಡೂ ಕಡೆ ಸೇರಿ ಇನ್ನೂರಕ್ಕೂ ಹೆಚ್ಚು ಸೈಟ್ ಇದಾವೆ. ನನ್ನ ಓಟು ಬೇರ್ ಪಾಗೆ, ಯಾಕಂದ್ರೆ ಅದು ಇಟಾಸ್ಕ ಕೆರೆ ಪಕ್ಕದಲ್ಲೇ ಇದೆ, ಬೆಳಗ್ಗೆ ಎದ್ದು ಕಾಫಿ ಲೋಟ ಹಿಡ್ಕೊಂಡು ನಾಲ್ಕು ಹೆಜ್ಜೆ ಹಾಕಿದ್ರೆ ನೀರು. ಅಲ್ಲೇ ಕೆಲವು ಕಾರ್ಟ್-ಇನ್ ಸೈಟ್‌ಗಳಿವೆ, ಕಾರನ್ನ ಪಾರ್ಕಿಂಗಲ್ಲಿ ಬಿಟ್ಟು ಸಾಮಾನೆಲ್ಲ ಕೈಗಾಡೀಲಿ ತಳ್ಕೊಂಡು ಹೋಗ್ಬೇಕು, ಗಂಡ ಹೆಂಡ್ತಿ ಇಬ್ರೇ ಆದ್ರೆ ಅದೇ ಬೆಸ್ಟು, ಗಲಾಟೆ ಇರಲ್ಲ. ವಯಸ್ಸಾದವ್ರು ಜೊತೇಲಿದ್ರೆ ಬೇಡ. ಪೈನ್ ರಿಡ್ಜ್ ಕೆರೆಯಿಂದ ಸ್ವಲ್ಪ ದೂರ, ನೀರು ಕಾಣಲ್ಲ, ಆದ್ರೆ ದೊಡ್ಡದು, ಎರಡು ಮೂರು ಫ್ಯಾಮಿಲಿ ಸೇರಿ ಪಕ್ಕಪಕ್ಕದ ಸೈಟ್ ಬೇಕು ಅಂದ್ರೆ ಅಲ್ಲೇ ಸಿಗೋ ಚಾನ್ಸ್ ಜಾಸ್ತಿ.

ಅಮ್ಮಂದಿರು ಮೊದ್ಲು ಕೇಳೋದೇ ಬಾತ್‌ರೂಮ್ ಹೆಂಗಿದೆ ಅಂತ. ಬೇಸಿಗೇಲಿ ಎರಡೂ ಕ್ಯಾಂಪ್‌ಗ್ರೌಂಡಲ್ಲಿ ಫ್ಲಶ್ ಟಾಯ್ಲೆಟ್ಟು, ಬಿಸಿನೀರಿನ ಶವರ್ ಇರುತ್ತೆ, ಒಂದು ಮಗ್ಗು ಮನೆಯಿಂದ ತಗೊಂಡು ಹೋಗಿ ಅಷ್ಟೇ. ರಾತ್ರಿ ಅಲ್ಲಿಗೆ ನಡ್ಕೊಂಡು ಹೋಗೋಕೆ ತಲೆಗೆ ಕಟ್ಕೊಳ್ಳೋ ಟಾರ್ಚು ತಲಾ ಒಂದು ಇರ್ಲಿ, ಅಲ್ಲಿಯ ಕತ್ತಲೆ ಅಂದ್ರೆ ನಿಜವಾದ ಕತ್ತಲೆ. ನೆಲದ ಮೇಲೆ ಮಲಗೋಕೆ ಆಗಲ್ಲ ಅನ್ನೋರಿದ್ರೆ ಕ್ಯಾಂಪರ್ ಕ್ಯಾಬಿನ್ ನೋಡಿ, ಮರದ ಸಣ್ಣ ಮನೆ, ಮಂಚ ಹಾಸಿಗೆ ಇರುತ್ತೆ, ಹೊದಿಕೆ ದಿಂಬು ನಮ್ದೇ. ಅಪ್ಪ ಅಮ್ಮ ಕ್ಯಾಬಿನಲ್ಲಿ, ಮಿಕ್ಕವ್ರು ಟೆಂಟಲ್ಲಿ, ಈ ಥರ ಮಾಡಿದ್ರೆ ಯಾರ ಸೊಂಟಾನೂ ಹಿಡಿಯಲ್ಲ.

ಸೌದೆ ಮನೆಯಿಂದ ಒಯ್ಯೋ ಹಾಗಿಲ್ಲ. ಎಮರಾಲ್ಡ್ ಆಶ್ ಬೋರರ್ ಅಂತ ಒಂದು ಹಸಿರು ಹುಳ, ಆಶ್ ಮರಗಳ ತೊಗಟೆ ಒಳಗೆ ಸೇರ್ಕೊಂಡು ಮರಾನೇ ಸಾಯಿಸುತ್ತೆ, ಮಿನ್ನೆಸೋಟಕ್ಕೆ ಬಂದಿದ್ದು 2009ರಲ್ಲಿ ಗೊತ್ತಾಯ್ತು, ಅದು ಊರಿಂದೂರಿಗೆ ಹೋಗೋದೇ ಹಿಂಗೆ ಜನ ಕಾರಲ್ಲಿ ಹಾಕ್ಕೊಂಡು ಹೋಗೋ ಸೌದೆ ಜೊತೆ. ಹಂಗಾಗಿ ಅನುಮತಿ ಇರೋ ಅಂಗಡೀಲೇ ತಗೋಬೇಕು, ಪಾರ್ಕ್ ಹತ್ರಾನೇ ಸಿಗುತ್ತೆ. ಈ ನಿಯಮ ದಯವಿಟ್ಟು ಪಾಲಿಸಿ, ಇನ್ನೂರು ವರ್ಷ ಮೀರಿದ ಮರಗಳಿರೋ ಕಾಡದು.

ಊಟ ತಿಂಡಿಗೆ ಕೊನೇ ದೊಡ್ಡ ಅಂಗಡಿ ಸಿಗೋದು ಪಾರ್ಕ್ ರ‍್ಯಾಪಿಡ್ಸ್ ಊರಲ್ಲಿ, ಅಲ್ಲಿಂದ 20 ಮೈಲಿ. ನಾವಂತೂ ಪುಳಿಯೋಗರೆ ಗೊಜ್ಜು, ಚಪಾತಿ, ಚಟ್ನಿಪುಡಿ, ಮೊಸರು ಇಷ್ಟನ್ನ ಮನೆಯಿಂದ್ಲೇ ಒಯ್ತೀವಿ, ಅನ್ನ ಒಂದು ಅಲ್ಲಿ ಗ್ಯಾಸ್ ಸ್ಟವ್ ಮೇಲೆ. ಆಗಸ್ಟಲ್ಲಿ ಹೋದ್ರೆ ದಾರೀಲಿ ಮುಸುಕಿನ ಜೋಳ ಮಾರ್ತಿರ್ತಾರೆ, ಮೇಲಿನ ಸಿಪ್ಪೆ ಬಿಡಿಸ್ದೆ ಹಂಗೇ ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ ಕೆಂಡದ ಮೇಲೆ ಇಟ್ರೆ ಒಳಗೇ ಬೇಯುತ್ತೆ, ಆಮೇಲೆ ಸಿಪ್ಪೆ ತೆಗೆದು ಎರಡು ನಿಮಿಷ ಸುಟ್ಟು, ನಿಂಬೆಹಣ್ಣು ಉಪ್ಪು ಖಾರದಪುಡಿ ಹಚ್ಚಿ ತಿಂದ್ರೆ ಆ ರುಚಿ ಮನೆ ಓವನ್ನಲ್ಲಿ ಬರೋದೇ ಇಲ್ಲ. ತಿಂದಾದ್ಮೇಲೆ ಎಲ್ಲಾನೂ ಕಾರೊಳಗೆ ಹಾಕಿ ಲಾಕ್ ಮಾಡಿ. ಕಪ್ಪು ಕರಡಿಗಳು ಇರೋ ಕಾಡು, ಅವು ಮನುಷ್ಯರ ತಂಟೆಗೆ ಬರೋದು ಕಮ್ಮಿ, ಆದ್ರೆ ಟೆಂಟಲ್ಲಿ ಒಂದು ಬಿಸ್ಕತ್ ಪ್ಯಾಕೆಟ್ಟೂ ಇರ್ಬಾರ್ದು, ಟೂತ್‌ಪೇಸ್ಟೂ ಕೂಡ.

ನದಿ ಹುಟ್ಟೋ ಜಾಗಕ್ಕೆ ಬೆಳಗ್ಗೆ ಎಂಟರ ಒಳಗೇ ಹೋಗ್ಬಿಡಿ. ಹತ್ತು ಗಂಟೆ ಆದ್ಮೇಲೆ ಫೋಟೋ ತೆಗೆಯೋಕೆ ಸಾಲು. ಪಾರ್ಕಿಂಗಿಂದ ಸಮತಟ್ಟಾದ ದಾರಿ, ಮಂಡಿನೋವು ಇರೋರೂ ಆರಾಮಾಗಿ ನಡೀಬಹುದು. ಅಲ್ಲಿ ಒಂದು ದೊಡ್ಡ ಮರದ ಕಂಬದಲ್ಲಿ ಕೆತ್ತಿದಾರೆ, ಸಮುದ್ರದಿಂದ 1,475 ಅಡಿ ಎತ್ತರದಲ್ಲಿ ಶುರುವಾಗಿ 2,552 ಮೈಲಿ ಹರಿದು ಗಲ್ಫ್ ಆಫ್ ಮೆಕ್ಸಿಕೋ ಸೇರುತ್ತೆ ಅಂತ. ಕೆರೆಯಿಂದ ನೀರು ಕಲ್ಲುಗಳ ಸಾಲು ದಾಟಿ ಈಚೆ ಇಳಿಯುತ್ತೆ, ಮೊಣಕಾಲುದ್ದ ನೀರು, ತಳದಲ್ಲಿ ಮರಳು ಬೆಣಚುಕಲ್ಲು ಎಲ್ಲ ಕಾಣುತ್ತೆ. ತಲಕಾವೇರಿ ನೋಡಿದವ್ರಿಗೆ ಅದೇ ಭಾವ ಬರುತ್ತೆ. ನಮ್ಮತ್ತೆ ಸೀರೆ ನೆರಿಗೆ ಎತ್ತಿ ಸಿಕ್ಕಿಸ್ಕೊಂಡು ಮೊಮ್ಮಗಳ ಕೈ ಹಿಡ್ಕೊಂಡು ಆಚೆ ದಡಕ್ಕೆ ನಡೆದೇ ಹೋದ್ರು, ಮಧ್ಯದಲ್ಲಿ ನಿಂತು ಬೊಗಸೇಲಿ ನೀರೆತ್ತಿ ತಲೆಗೆ ಪ್ರೋಕ್ಷಣೆ ಮಾಡ್ಕೊಂಡ್ರು, ಪಕ್ಕದಲ್ಲಿದ್ದ ಅಮೆರಿಕನ್ ಅಜ್ಜಿ ನೋಡಿ ಅವ್ರೂ ಹಂಗೇ ಮಾಡಿದ್ರು. ಕಲ್ಲುಗಳ ಮೇಲೆ ಪಾಚಿ ಇರುತ್ತೆ, ದೊಡ್ಡವ್ರು ಕಲ್ಲಿನ ಮೇಲೆ ಹೋಗೋದು ಬೇಡ, ಕೆಳಗೆ ನೀರಲ್ಲೇ ನಡೆಯೋದು ಸುರಕ್ಷಿತ, ಹಿಂದೆ ಪಟ್ಟಿ ಇರೋ ಚಪ್ಲಿ ಹಾಕ್ಕೊಳ್ಳಿ. ಆ ಕಲ್ಲಿನ ಸಾಲು, ನೀರಿನ ಕಾಲುವೆ ಎಲ್ಲ 1930ರ ದಶಕದಲ್ಲಿ ಜೌಗು ನೆಲ ಸರಿಮಾಡಿ ಜೋಡಿಸಿದ್ದು, ಅದು ಗೊತ್ತಾದ್ಮೇಲೂ ನನಗೆ ಆ ಜಾಗದ ಮೇಲಿನ ಪ್ರೀತಿ ಒಂಚೂರೂ ಕಮ್ಮಿ ಆಗ್ಲಿಲ್ಲ.

ಆ ಪಾರ್ಕಿಂಗ್ ಹತ್ರ ಇರೋ ವಿಸಿಟರ್ ಸೆಂಟರಿಗೆ ಮೇರಿ ಗಿಬ್ಸ್ ಹೆಸರಿಟ್ಟಿದಾರೆ. 1903ರಲ್ಲಿ ಈ ಪಾರ್ಕ್ ನೋಡ್ಕೊಳ್ಳೋ ಕಮಿಷನರ್ ಆಗಿದ್ದ ಹುಡುಗಿ, ಬರೀ 24 ವಯಸ್ಸು. ಮರ ಕಡಿಯೋ ಕಂಪನಿಯವ್ರು ದಿಮ್ಮಿ ತೇಲಿಸೋಕೆ ಅಂತ ಅಣೆಕಟ್ಟು ಮುಚ್ಚಿ ನೀರು ಏರಿಸಿದಾಗ, ದಡದ ಮರಗಳು ಸಾಯ್ತವೆ ಗೇಟ್ ತೆಗೀರಿ ಅಂತ ಬಂದೂಕು ಹಿಡಿದವ್ರ ಎದುರು ನಿಂತ್ಕೊಂಡ್ಳು. ಮಕ್ಕಳಿಗೆ ಈ ಕಥೆ ಹೇಳ್ಬಿಟ್ಟು ಆಮೇಲೆ ಪ್ರೀಚರ್ಸ್ ಗ್ರೋವ್‌ಗೆ ಕರ್ಕೊಂಡು ಹೋಗಿ, 250 ವರ್ಷ ದಾಟಿರೋ ಕೆಂಪು ಪೈನ್ ಮರಗಳು, ತೊಗಟೆ ಮೇಲೆ ಕೈ ಇಟ್ಟು ಮೇಲೆ ನೋಡಿದ್ರೆ ತುದಿ ಕಾಣೋಕೆ ಕತ್ತು ಪೂರ್ತಿ ಬಗ್ಗಿಸ್ಬೇಕು.

ಸೈಕಲ್, ಕನೂ, ಕಯಾಕ್ ಎಲ್ಲ ಒಳಗೇ ಬಾಡಿಗೆಗೆ ಸಿಗುತ್ತೆ. ಕೆರೆ ಪಕ್ಕದ ಸೈಕಲ್ ದಾರಿ ಮತ್ತೆ ವೈಲ್ಡರ್‌ನೆಸ್ ಡ್ರೈವ್ ಅನ್ನೋ ರಸ್ತೆ ಸೇರಿಸಿದ್ರೆ 16 ಮೈಲಿ ಸುತ್ತು, ಹತ್ತೋದು ಇಳಿಯೋದು ಸಾಕಷ್ಟಿದೆ, ಚಿಕ್ಕ ಮಕ್ಕಳಿದ್ರೆ ಕೆರೆ ಪಕ್ಕದ 6 ಮೈಲೀನೇ ಸಾಕು. ಏಟನ್ ಹೈಟ್ಸ್ ಅನ್ನೋ ಕಡೆ ಕಾಡ್ಗಿಚ್ಚು ಕಾಯೋಕೆ ಕಟ್ಟಿದ 100 ಅಡಿ ಎತ್ತರದ ಫೈರ್ ಟವರ್ ಇದೆ, ತಲೆಸುತ್ತು ಇಲ್ದೋರು ಹತ್ತಿ, ಸುತ್ತ ಕಾಡು ಕೆರೆ ಕಾಡು ಕೆರೆ ಅಷ್ಟೇ.

ಸೊಳ್ಳೆ ಬಗ್ಗೆ ಸುಳ್ಳು ಹೇಳಲ್ಲ, ಜೂನ್ ಜುಲೈಯಲ್ಲಿ ಸಂಜೆ ತುಂಬಾ ಕಾಟ. ಉದ್ದ ತೋಳಿನ ಬಟ್ಟೆ, ಸೊಳ್ಳೆ ಸ್ಪ್ರೇ, ಕೂತು ತಿನ್ನೋಕೆ ಜಾಲರಿ ಟೆಂಟ್ ಇವು ಮೂರೂ ಬೇಕು. ಹುಲ್ಲಲ್ಲಿ ಓಡಾಡಿ ಬಂದ್ಮೇಲೆ ಮಕ್ಕಳ ಕಿವಿ ಹಿಂದೆ, ಮೊಣಕಾಲಿನ ಸಂದಿ ಎಲ್ಲ ಉಣ್ಣಿ ಹುಳ ಹತ್ತಿದೆಯಾ ನೋಡಿ, ಲೈಮ್ ಕಾಯಿಲೆ ಬರೋದು ಅದರಿಂದ್ಲೇ. ನನ್ನ ಪ್ರಕಾರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಒಳ್ಳೇ ಟೈಮು, ಸೊಳ್ಳೆ ಕಮ್ಮಿ, ಜನಾನೂ ಕಮ್ಮಿ, ರಾತ್ರಿ ಮಾತ್ರ ಚಳಿ ಹಿಡಿಯುತ್ತೆ, ಸ್ವೆಟರ್ ಟೋಪಿ ಮರೀಬೇಡಿ. ರಾತ್ರಿ ಕೆರೆ ಮೇಲೆ ಲೂನ್ ಹಕ್ಕಿ ಕೂಗುತ್ತೆ, ಗೊತ್ತಿಲ್ದೋರಿಗೆ ಭಯ ಆಗುತ್ತೆ, ಹಿರಿಯರಿಗೆ ಮೊದ್ಲೇ ಹೇಳಿರಿ. ಫೋನ್ ಸಿಗ್ನಲ್ ಎಲ್ಲಾ ಕಡೆ ನಂಬೋ ಹಂಗಿಲ್ಲ, ಮ್ಯಾಪ್ ಮನೇಲೇ ಡೌನ್‌ಲೋಡ್ ಮಾಡ್ಕೊಂಡು ಹೋಗಿ.

ಐದಕ್ಕೆ ಐದು ಸ್ಟಾರ್ ಕೊಡ್ತೀನಿ. ಒಂದೇ ರಾತ್ರಿಗೆ ಅಂತ ಹೋಗ್ಬೇಡಿ, ನಾಲ್ಕು ಗಂಟೆ ಹೋಗೋಕೆ ನಾಲ್ಕು ಗಂಟೆ ಬರೋಕೆ, ಸಾಲೋದೇ ಇಲ್ಲ, ಕನಿಷ್ಠ ಎರಡು ರಾತ್ರಿ ಇರ್ಲಿ. ಶುಕ್ರವಾರ ಶನಿವಾರ ಸಿಗ್ಲಿಲ್ಲ ಅಂದ್ರೆ ಭಾನುವಾರದಿಂದ ಮಂಗಳವಾರ ನೋಡಿ, ಹೊರಡೋ ವಾರದಲ್ಲೂ ದಿನಾ ಒಂದ್ಸಲ ವೆಬ್‌ಸೈಟ್ ತೆಗೆದು ನೋಡ್ತಿರಿ, ಮಳೆ ಬರುತ್ತೆ ಅಂದ ತಕ್ಷಣ ಎಷ್ಟೋ ಜನ ಕ್ಯಾನ್ಸಲ್ ಮಾಡ್ತಾರೆ.