ಲೇಡಿ ಮ್ಯಾಕ್‌ಬೆತ್ ಗಂಡನನ್ನು ‘ನೀವು’ ಎನ್ನಬೇಕೋ, ‘ನೀನು’ ಎನ್ನಬೇಕೋ

ಮೊದಲ ದಿನದ ವಾಚನದಲ್ಲೇ ನಮ್ಮ ತಾಲೀಮು ಒಂದು ಸರ್ವನಾಮದ ಮುಂದೆ ನಿಂತುಹೋಯಿತು. ನಾಟಕ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’. ರಾಜ ಡಂಕನ್ ಒಳಗೆ ಊಟಕ್ಕೆ ಕುಳಿತಿದ್ದಾನೆ. ಆ ರಾತ್ರಿ ಅವನನ್ನು ಕೊಂದು ಪಟ್ಟ ಹಿಡಿಯುವುದು ಮ್ಯಾಕ್‌ಬೆತ್ ದಂಪತಿಯ ಸಂಚು. ಮ್ಯಾಕ್‌ಬೆತ್ ಪಂಕ್ತಿಯಿಂದೆದ್ದು ಹೊರಗೆ ಬಂದಿದ್ದಾನೆ. ‘ಈ ಕೆಲಸ ಇಲ್ಲಿಗೇ ಬಿಡೋಣ’ ಎನ್ನುತ್ತಾನೆ. ಹೆಂಡತಿ ಉತ್ತರ ಕೊಡಬೇಕು. ಮೊದಲ ಅಂಕದ ಏಳನೆಯ ದೃಶ್ಯ. ಅವಳು ಸುಮ್ಮನಾದರೆ ನಾಟಕವೇ ಇಲ್ಲ. ನಾನು ಬಾಯಿ ತೆರೆದೆ. ಗಂಡನನ್ನು ಏನೆಂದು ಕರೆಯಲಿ?

ನಮ್ಮದು ಮೈಸೂರಿನ ಒಂದು ಹವ್ಯಾಸಿ ತಂಡ. ಹಗಲು ಕೆಲಸ, ಸಂಜೆ ತಾಲೀಮು. ಈ ನಾಟಕ ಕನ್ನಡಕ್ಕೆ ಹೊಸದಲ್ಲ. ಎಂ.ಎಲ್. ಶ್ರೀಕಂಠೇಶಗೌಡರು ಇದನ್ನು ‘ಪ್ರತಾಪರುದ್ರದೇವ’ವಾಗಿಸಿ ನೂರು ವರ್ಷ ದಾಟಿತು. ಡಿ.ವಿ.ಜಿ. ಅನುವಾದಿಸಿದ್ದಾರೆ. ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ವನ್ನು ಹುಲುಗಪ್ಪ ಕಟ್ಟೀಮನಿ ಜೈಲಿನ ಕೈದಿಗಳಿಂದಲೇ ಆಡಿಸಿದ್ದಾರೆ. ಆದರೂ ನಾವು ನಮ್ಮ ಬಾಯಿಗೆ ಒಗ್ಗುವ ಪಠ್ಯವೊಂದನ್ನು ಸಿದ್ಧಪಡಿಸಿಕೊಂಡೆವು. ಹಾಗಾಗಿ ಸರ್ವನಾಮದ ಹೊರೆಯೂ ನಮ್ಮ ಮೇಲೆಯೇ ಬಿತ್ತು. ನಿರ್ದೇಶಕರು ಹೇಳಿದ್ದು ಇಷ್ಟೇ: ‘ಎಲ್ಲ ಬಗೆಯಲ್ಲೂ ಆಡಿ ನೋಡಮ್ಮ. ಯಾವುದು ಸರಿ ಎಂದು ಐದನೆಯ ಅಂಕ ಹೇಳುತ್ತದೆ.’

ಆ ಮಾತು ಅರ್ಥವಾಗಲು ನನಗೆ ಎರಡು ತಿಂಗಳು ಬೇಕಾಯಿತು.

ಮೊದಲು ಆಡಿದ್ದು ‘ನೀನು’. ಆರಂಭದಿಂದ ಕೊನೆಯವರೆಗೆ ಏಕವಚನ, ಏರುದನಿ, ಚುಚ್ಚುಮಾತು. ಲೇಡಿ ಮ್ಯಾಕ್‌ಬೆತ್ ಎಂದೊಡನೆ ಎಲ್ಲರ ಕಣ್ಣ ಮುಂದೆ ಬರುವ ಹೆಂಗಸು ಇವಳೇ. ಇವಳ ಹಿಂದೆ ದೊಡ್ಡ ಪರಂಪರೆಯಿದೆ. 1847ರಲ್ಲಿ ಇದೇ ಕಥೆಯನ್ನು ಆಪೆರಾ ಮಾಡಿದ ವೆರ್ದಿ, ತನ್ನ ನಾಯಕಿಯ ದನಿ ಇಂಪಾಗಿರಲೇಬಾರದು, ಒರಟಾಗಿ, ಉಸಿರು ಕಟ್ಟಿದಂತೆ, ಕಪ್ಪಾಗಿ ಇರಬೇಕು ಎಂದು ಪತ್ರ ಬರೆದಿದ್ದ. ನಾನೂ ಗಂಟಲು ಒರಟು ಮಾಡಿಕೊಂಡೆ. ದೃಶ್ಯ ಬಾಣದಂತೆ ಓಡಿತು. ನೋಡಲು ಕುಳಿತಿದ್ದ ತಂಡದವರು ಚಪ್ಪಾಳೆಯನ್ನೂ ತಟ್ಟಿದರು. ಮ್ಯಾಕ್‌ಬೆತ್ ಪಾತ್ರಧಾರಿ ಮಾತ್ರ ಬೆವರು ಒರೆಸಿಕೊಳ್ಳುತ್ತಾ, ‘ಹೀಗೆ ಬೈದರೆ ನಾನು ಎದ್ದು ಹೋಗುತ್ತೇನೆಯೇ ಹೊರತು ಯಾರನ್ನೂ ಕೊಲ್ಲುವುದಿಲ್ಲ’ ಎಂದರು.

ಅವರು ಹೇಳಿದ್ದು ನಿಜ. ಗಯ್ಯಾಳಿಯ ಮಾತಿಗೆ ಬೇಸತ್ತು ಗಂಡಸರು ಮನೆ ಬಿಡುತ್ತಾರೆ. ರಾಜನನ್ನು ಕೊಲ್ಲಬೇಕಾದರೆ ಆ ಹೆಂಡತಿಯ ಕಣ್ಣಲ್ಲಿ ತಾನು ಸಣ್ಣವನಾಗಿಬಿಡುತ್ತೇನೆ ಎಂಬ ಭಯ ಹುಟ್ಟಬೇಕು. ಆ ಭಯ ಹುಟ್ಟಬೇಕಾದರೆ ಅಲ್ಲಿಯವರೆಗೆ ಆ ಕಣ್ಣಲ್ಲಿ ಅವನು ದೊಡ್ಡವನಾಗಿದ್ದಿರಬೇಕು. ಮ್ಯಾಕ್‌ಬೆತ್ ಅವಳಿಗೆ ಬರೆದ ಪತ್ರದಲ್ಲಿ ‘ನನ್ನ ಹಿರಿಮೆಯ ಪ್ರೀತಿಯ ಪಾಲುದಾರಳೇ’ ಎಂದು ಕರೆದಿದ್ದಾನೆ. ಮೂರನೆಯ ಅಂಕದಲ್ಲಿ ಅವನು ಅವಳನ್ನು ಮುದ್ದಿನ ಹೆಸರಿನಿಂದ ಕರೆಯುತ್ತಾನೆ. ಬೈಗುಳದ ಸಂಸಾರದಲ್ಲಿ ಇಂಥ ಮಾತು ಹುಟ್ಟುವುದಿಲ್ಲ.

ಅವಳ ಮಹತ್ವಾಕಾಂಕ್ಷೆಯ ಬಗ್ಗೆಯೂ ಒಂದು ಮಾತು. ಶೇಕ್ಸ್‌ಪಿಯರ್ ಕಥೆ ತೆಗೆದುಕೊಂಡದ್ದು ಹಾಲಿನ್‌ಶೆಡ್‌ನ ಚರಿತ್ರೆಯಿಂದ. ಅಲ್ಲಿ ಆಕೆಯ ಬಗ್ಗೆ ಇರುವುದು ಬಹಳ ಕಡಿಮೆ: ಮಹಾ ಆಸೆಯ ಹೆಂಗಸು, ರಾಣಿ ಎನಿಸಿಕೊಳ್ಳುವ ಆರದ ಬಯಕೆಯಲ್ಲಿ ಬೇಯುತ್ತಿದ್ದಳು ಎಂದು. ನಾಟಕದಲ್ಲಿ ಹುಡುಕಿದೆ. ‘ನಾನು ರಾಣಿಯಾಗಬೇಕು’ ಎಂಬ ಮಾತನ್ನು ಅವಳು ಒಮ್ಮೆಯೂ ಆಡುವುದಿಲ್ಲ. ‘ನಮ್ಮ’ ಮುಂದಿನ ಹಗಲು ರಾತ್ರಿಗಳು ಎನ್ನುತ್ತಾಳೆ, ಕಿರೀಟವನ್ನು ಗಂಡನ ತಲೆಯ ಮೇಲೆ ಕಾಣುತ್ತಾಳೆ. ಅವಳ ಆಸೆ ಸಣ್ಣದೆಂದು ನಾನು ಹೇಳುತ್ತಿಲ್ಲ. ಅದು ಅವನೊಳಗೆ ಮನೆ ಮಾಡಿಕೊಂಡಿರುವ ಆಸೆ. ಏರುದನಿಯ ‘ನೀನು’ ಇದನ್ನು ಕೊಂದುಹಾಕುತ್ತದೆ.

ಎರಡನೆಯದು ಇದಕ್ಕೆ ನೇರ ವಿರುದ್ಧ: ಪೂರಾ ‘ನೀವು’, ತಗ್ಗಿದ ದನಿ, ಅಲುಗದ ಮೈ. ಇದಕ್ಕೆ ನನ್ನ ಗುರು ನಟಿ ಇಸುಝು ಯಮದಾ. ಇದೇ ಕಥೆಯನ್ನು ಜಪಾನಿಗೆ ಒಗ್ಗಿಸಿದ ಅಕಿರಾ ಕುರೊಸಾವಾನ 1957ರ ಚಿತ್ರ ‘ಥ್ರೋನ್ ಆಫ್ ಬ್ಲಡ್’ನಲ್ಲಿ ಆಕೆ ಅಸಾಜಿ, ಅಲ್ಲಿಯ ಲೇಡಿ ಮ್ಯಾಕ್‌ಬೆತ್. ಜಪಾನಿನ ನೋ ನಾಟಕದ ಮುಖವಾಡದಂತೆ ಬಿಳಿಚಿದ ಮುಖ. ಅವಳು ಚಾಪೆಯ ಮೇಲೆ ಮಂಡಿಯೂರಿ ಕುಳಿತೇ ಇರುತ್ತಾಳೆ. ಎದ್ದು ಅಡ್ಡಾಡುವವನು, ಬೆವರುವವನು, ಗೊರಕೆ ಹೊಡೆದಂತೆ ಉಸಿರಾಡುವವನು ಗಂಡ, ತೊಷಿರೊ ಮಿಫುನೆ. ಅವಳು ಬಾಗಿಲಾಚೆಯ ಕತ್ತಲೆಗೆ ನಡೆದು ಮರೆಯಾಗಿ, ಮದ್ದು ಬೆರೆಸಿದ ಮದ್ಯದ ಪಾತ್ರೆ ಹಿಡಿದು ಅದೇ ಕತ್ತಲೆಯಿಂದ ಮರಳುವಾಗ ಕೇಳಿಸುವುದು ರೇಷ್ಮೆಯ ಸರಪರ ಒಂದೇ.

ನಾನು ಅಮ್ಮನ ಹಳೆಯ ಮೈಸೂರು ರೇಷ್ಮೆ ಸೀರೆ ಉಟ್ಟು ಕುಳಿತೆ. ಅಲುಗಲಿಲ್ಲ. ಆರನೆಯ ನಿಮಿಷಕ್ಕೆ ಮಂಡಿ ಉರಿಯತೊಡಗಿತು, ಎಂಟಕ್ಕೆ ಕಾಲು ಜೋಮು ಹಿಡಿಯಿತು. ಆದರೆ ಪಾತ್ರಧಾರಿಯ ನಡಿಗೆ ತಾನಾಗಿಯೇ ಬದಲಾಯಿತು. ಯಾರೂ ಹೇಳದಿದ್ದರೂ ಅವರು ನನ್ನ ಸುತ್ತ ಸುತ್ತತೊಡಗಿದರು. ಕಟ್ಟಿಹಾಕಿದ್ದು ನನ್ನನ್ನು, ತಿರುಗುತ್ತಿದ್ದವರು ಅವರು! ‘ನೀವು’ ಎಂಬ ಮರ್ಯಾದೆಯ ಮಾತು ಇಷ್ಟು ತಣ್ಣಗೆ ಕೊರೆಯಬಲ್ಲದು ಎಂದು ನನಗೆ ಅಂದೇ ಗೊತ್ತಾದದ್ದು.

ಇಲ್ಲಿಯೇ ನಿಲ್ಲಬೇಕೆಂಬ ಆಸೆ ನನಗೆ ಬಲವಾಗಿತ್ತು. ನಿಲ್ಲಲು ಬಿಡದಿದ್ದದ್ದು ಪಠ್ಯ. ಅಸಾಜಿ ಗಂಡನನ್ನು ಒಪ್ಪಿಸುವುದು ಲೆಕ್ಕಾಚಾರದಿಂದ: ನೀವು ಒಡೆಯರಾಗುವಿರೆಂಬ ಭವಿಷ್ಯವಾಣಿ ಈಗಿನ ಒಡೆಯನ ಕಿವಿಗೆ ಬಿದ್ದರೆ ಅವನು ನಿಮ್ಮನ್ನು ಉಳಿಸುವುದಿಲ್ಲ, ಅದಕ್ಕೆ ಮೊದಲು ನೀವೇ ಕೈ ಎತ್ತಿ. ಅದು ಭಯದ ತರ್ಕ, ಅಲುಗದೆ ಹೇಳಬಹುದು. ಶೇಕ್ಸ್‌ಪಿಯರನ ಲೇಡಿ ಮ್ಯಾಕ್‌ಬೆತ್‌ಗೆ ಅಂಥ ತರ್ಕವೇ ಇಲ್ಲ. ಅವಳ ಕೈಯಲ್ಲಿರುವುದು ಪ್ರೀತಿ, ಕೊಟ್ಟ ಮಾತು ಮತ್ತು ಆ ಭಯಂಕರ ಮಗುವಿನ ಮಾತು: ನಾನು ಹಾಲೂಡಿದವಳು, ಮೊಲೆಯುಣ್ಣುವ ಕೂಸಿನ ಮೇಲಿನ ಅಕ್ಕರೆ ಏನೆಂದು ಬಲ್ಲೆ, ನಿಮ್ಮಂತೆ ಆಣೆಯಿಟ್ಟಿದ್ದರೆ ನನ್ನ ಮುಖ ನೋಡಿ ನಗುತ್ತಿರುವಾಗಲೇ ಅದರ ಬಾಯಿಂದ ಮೊಲೆ ಕಿತ್ತು ತಲೆ ಒಡೆಯುತ್ತಿದ್ದೆ. ಇದನ್ನು ಮುಖವಾಡದಂತೆ ಕುಳಿತು ಮೂರು ಸಂಜೆ ಹೇಳಿದೆ. ಮೂರೂ ಸಲ ಸುಳ್ಳಾಗಿ ಕೇಳಿಸಿತು. ಆ ಮಾತಿಗೆ ಮೈ ಬೇಕು.

ನಡುವೆ, ಇದೇ ಕಥೆಯನ್ನು ಮುಂಬೈ ಭೂಗತ ಲೋಕಕ್ಕೆ ತಂದ ವಿಶಾಲ್ ಭಾರದ್ವಾಜ್ ಅವರ ‘ಮಕ್ಬೂಲ್’ ಚಿತ್ರದ ನಿಮ್ಮಿಯನ್ನೂ ಮನಸ್ಸಿಗೆ ತಂದುಕೊಂಡೆ. ತಬು ಅದ್ಭುತ. ಆದರೆ ನಿಮ್ಮಿ ಹೆಂಡತಿಯಲ್ಲ, ಕೊಲೆಯಾಗುವ ಮುದುಕ ಡಾನ್ ಇಟ್ಟುಕೊಂಡವಳು. ಅಲ್ಲಿ ಕೊಲೆಯಾದರಷ್ಟೇ ಪ್ರೇಮಕ್ಕೆ ದಾರಿ. ನನ್ನವಳಿಗೆ ಪ್ರೇಮ ಆಗಲೇ ಇದೆ, ಅದನ್ನೇ ಅವಳು ಪಣಕ್ಕಿಡುತ್ತಾಳೆ. ಆ ದಾರಿ ನನ್ನದಾಗಲಿಲ್ಲ.

ಮೂರನೆಯ ಬಗೆ ಸಿಕ್ಕಿದ್ದು ಮೂಲವನ್ನು ಪೆನ್ಸಿಲ್ ಹಿಡಿದು ಓದಿದಾಗ. ಆ ಕಾಲದ ಇಂಗ್ಲಿಷಿಗೆ ಎರಡು ರೂಪಗಳಿದ್ದವು: ‘ದೌ’ ಮತ್ತು ‘ಯು’. ನಮ್ಮ ನೀನು, ನೀವುಗಳಷ್ಟು ಗಟ್ಟಿಯಾದ ಗೆರೆ ಅವುಗಳ ನಡುವೆ ಇರಲಿಲ್ಲ, ಆದರೂ ಗೆರೆ ಇತ್ತು. ಈ ದೃಶ್ಯದಲ್ಲಿ ಅವಳು ‘ಯು’ ಎಂದೇ ಶುರು ಮಾಡುತ್ತಾಳೆ. ನಾಲ್ಕಾರು ಸಾಲು ಕಳೆದ ಮೇಲೆ ‘ನಿನ್ನ ಪ್ರೀತಿಯೂ ಇಂಥದ್ದೇ ಎಂದು ಇಂದಿನಿಂದ ತಿಳಿಯುತ್ತೇನೆ’ ಎನ್ನುವಲ್ಲಿ ‘ದೌ’ಗೆ ಇಳಿಯುತ್ತಾಳೆ. ಅದೇ ಉಸಿರಿನಲ್ಲಿ ‘ಹೆದರಿಕೆಯೇ ನಿನಗೆ?’ ಮ್ಯಾಕ್‌ಬೆತ್ ತಡೆದು ಮಾತನಾಡಿದ ಕೂಡಲೇ ಮತ್ತೆ ‘ಯು’: ‘ಅದನ್ನು ಮಾಡುವ ಎದೆಗಾರಿಕೆ ಇದ್ದಾಗ ನೀವು ಗಂಡಸಾಗಿದ್ದಿರಿ.’

ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಇಪ್ಪತ್ತು ವರ್ಷ ‘ನೀವು’ ಎಂದ ಹೆಂಡತಿ ಒಂದು ಸಂಜೆ ದನಿ ಏರಿಸದೆ ‘ನೀನು’ ಎಂದರೆ ಅಡುಗೆಮನೆಯಲ್ಲಿ ಲೋಟ ಇಡುವ ಸದ್ದು ಕೂಡ ನಿಲ್ಲುತ್ತದೆ. ಹಾಗೆಯೇ ಆಡಿದೆ. ‘ನೀವು, ನೀವು’ ಎನ್ನುತ್ತಾ ಹತ್ತಿರ ಹೋಗಿ, ಅವರ ಅಂಗಿಯ ಗುಂಡಿ ಸರಿಪಡಿಸುತ್ತಾ, ಪಿಸುದನಿಯಲ್ಲಿ ‘ಹೆದರಿಕೆಯೇ ನಿನಗೆ?’ ಎಂದೆ. ಅವರ ಮುಖದ ರಕ್ತ ಇಳಿದದ್ದು ನನಗೆ ಒಂದು ಗೇಣಿನಿಂದ ಕಂಡಿತು. ಹಿಂದೆ ಸರಿದು ಮತ್ತೆ ‘ನೀವು’ ಎಂದಾಗ ಆ ಮರ್ಯಾದೆ ಬಾಗಿಲು ಮುಚ್ಚಿದಂತೆ ಕೇಳಿಸಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಇದಕ್ಕೆ ಬಲ ಕೊಟ್ಟವರು ಇಂಗ್ಲಿಷ್ ನಟಿ ಜೂಡಿ ಡೆಂಚ್. ಟ್ರೆವರ್ ನನ್ 1976ರಲ್ಲಿ ಸ್ಟ್ರಾಟ್‌ಫರ್ಡಿನ ಪುಟ್ಟ ರಂಗವೊಂದರಲ್ಲಿ ಮಾಡಿಸಿದ ಪ್ರಯೋಗ, ಎದುರಿಗೆ ಇಯಾನ್ ಮೆಕೆಲನ್. ನಂತರ ಟಿವಿಗಾಗಿ ಚಿತ್ರೀಕರಿಸಿದ್ದನ್ನು ನಾನು ನೋಡಿದ್ದು. ಕಪ್ಪು ಉಡುಗೆ, ತಲೆಗೆ ಸುತ್ತಿದ ಬಟ್ಟೆ, ಅರಮನೆಯ ವೈಭವವೇ ಇಲ್ಲ. ಅವಳು ಗಂಡನನ್ನು ಪ್ರೀತಿಸುತ್ತಾಳೆ, ದುಷ್ಟಶಕ್ತಿಗಳನ್ನು ಕರೆಯುವಾಗ ಅವಳಿಗೇ ಭಯವಾಗುತ್ತದೆ. ಎರಡೂ ಕಣ್ಣಿಗೆ ಕಾಣುತ್ತವೆ.

ಇದೇ ದೃಶ್ಯದ ಇನ್ನೊಂದು ಗಂಟು ‘ಸೋತರೆ?’ ಎಂದು ಅವನು ಕೇಳಿದಾಗ ಅವಳು ಕೊಡುವ ಎರಡೇ ಪದದ ಉತ್ತರ: ‘ವಿ ಫೇಲ್’. 1623ರ ಮುದ್ರಣದಲ್ಲಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆಯಿದೆ. ಹದಿನೆಂಟನೆಯ ಶತಮಾನದ ಮಹಾನಟಿ ಸಾರಾ ಸಿಡನ್ಸ್ ಅದನ್ನು ಮೂರು ಬಗೆಯಲ್ಲಿ ಆಡಿ ನೋಡಿದಳಂತೆ: ಮೊದಲು ತಿರಸ್ಕಾರದ ಪ್ರಶ್ನೆಯಾಗಿ, ಆಮೇಲೆ ರೋಷದ ಬೆರಗಾಗಿ, ಕೊನೆಗೆ ತಣ್ಣನೆಯ ಪೂರ್ಣವಿರಾಮದೊಂದಿಗೆ. ಕೊನೆಯದನ್ನೇ ಉಳಿಸಿಕೊಂಡಳು. ನಾನೂ ಮೂರನ್ನು ಆಡಿದೆ. ‘ಸೋಲೇ?’ ತೆಳುವಾಯಿತು. ‘ನಾವು ಸೋಲುವುದೇ!’ ಕಂಪನಿ ನಾಟಕದ ಗತ್ತಿಗೆ ಹೋಯಿತು. ‘ಸೋತರೆ ಸೋತೆವು’ ಎಂದಾಗ ಅಪಾಯವನ್ನು ಅವನೊಡನೆ ಹಂಚಿಕೊಂಡ ಹೆಂಡತಿ ಎದ್ದು ನಿಂತಳು. ಕನ್ನಡ ಇದನ್ನು ನಮಗಾಗಿಯೇ ಇಟ್ಟುಕೊಂಡು ಕಾದಿತ್ತೇನೋ.

ಇನ್ನು ಐದನೆಯ ಅಂಕ. ಮೂರನೆಯ ಅಂಕದ ಔತಣದಲ್ಲಿ ಭೂತ ಕಂಡು ಬೆದರಿದ ಗಂಡನಿಗೆ ಅವಳು ‘ನೀವು ಗಂಡಸೇ?’ ಎಂಬ ಹಳೆಯ ಚಾಟಿಯನ್ನೇ ಬೀಸುತ್ತಾಳೆ. ಅದು ಈಗ ನಾಟುವುದಿಲ್ಲ. ನಾಲ್ಕನೆಯ ಅಂಕದಲ್ಲಿ ಅವಳು ಇಲ್ಲವೇ ಇಲ್ಲ. ಮತ್ತೆ ಕಾಣುವುದು ನಿದ್ದೆಯಲ್ಲಿ ನಡೆಯುತ್ತಾ, ಕೈಯಲ್ಲಿ ದೀಪ ಹಿಡಿದು. ಅಲ್ಲಿಯವರೆಗೆ ಪದ್ಯದಲ್ಲಿ ಮಾತನಾಡಿದವಳು ಈಗ ಚೂರುಚೂರಾದ ಗದ್ಯದಲ್ಲಿ ಮಾತನಾಡುತ್ತಾಳೆ.

ಇಲ್ಲಿಯೂ ಬಗೆಗಳಿವೆ. 2015ರ ಜಸ್ಟಿನ್ ಕರ್ಜೆಲ್ ಚಿತ್ರದಲ್ಲಿ ಮಾರಿಯೋನ್ ಕೊಟಿಯಾರ್ ನಡೆಯುವುದೂ ಇಲ್ಲ, ಕೈ ತೊಳೆಯುವುದೂ ಇಲ್ಲ. ಪ್ರಾರ್ಥನಾಮಂದಿರದಲ್ಲಿ ಕುಳಿತು, ಸತ್ತ ಮಗುವಿನೊಡನೆ ಎಂಬಂತೆ, ಮೆಲ್ಲಗೆ ಆ ಮಾತುಗಳನ್ನಾಡುತ್ತಾಳೆ. ಕ್ಯಾಮೆರಾ ಮುಖದ ಹತ್ತಿರವಿದ್ದರೆ ಅದು ಕರುಳು ಹಿಂಡುತ್ತದೆ. ನಮ್ಮ ಸಭಾಂಗಣದ ಹನ್ನೆರಡನೆಯ ಸಾಲಿಗೆ ಏನೂ ತಲುಪಲಿಲ್ಲ.

ಹಾಗಾದರೆ ಕೈ ತೊಳೆಯಬೇಕು. ದೀಪ ಹಿಡಿದ ಕೈಯನ್ನು ಹೇಗೆ ತೊಳೆಯುವುದು? ಸಿಡನ್ಸ್‌ಗಿಂತ ಮುಂಚಿನ ಹನ್ನಾ ಪ್ರಿಚರ್ಡ್ ದೀಪ ಕೆಳಗಿಡುತ್ತಿರಲಿಲ್ಲ, ಅದೇ ರೂಢಿಯಾಗಿತ್ತು. 1785ರಲ್ಲಿ ಸಿಡನ್ಸ್ ಅದನ್ನು ಇಡುತ್ತೇನೆಂದಾಗ ರಂಗಮಂದಿರದ ಒಡೆಯ ಶೆರಿಡನ್ ಬಣ್ಣದ ಕೋಣೆಗೇ ಬಂದು ಬೇಡವೆಂದು ಕೇಳಿಕೊಂಡ. ಅವಳು ಒಪ್ಪಲಿಲ್ಲ. ನಾನು ಎರಡನ್ನೂ ಆಡಿದೆ. ಹಿಡಿದುಕೊಂಡೇ ಉಜ್ಜಿದರೆ ಬಿಸಿ ಮೇಣ ಮಣಿಕಟ್ಟಿನ ಮೇಲೆ ಬೀಳುತ್ತದೆ, ನಟಿಯ ಗಮನ ಪೂರ್ತಿ ಬತ್ತಿಯ ಮೇಲೆ. ಇಟ್ಟರೆ ಎರಡೂ ಕೈ ಬಿಡುವಾಗುತ್ತವೆ, ಅವುಗಳ ನೆರಳು ಹಿಂದಿನ ಪರದೆಯ ಮೇಲೆ ದೊಡ್ಡದಾಗಿ ಎದ್ದು ಬರುತ್ತದೆ. ನನ್ನ ಆಯ್ಕೆಯಲ್ಲಿ ಅನುಮಾನವೇ ಉಳಿಯಲಿಲ್ಲ.

ಅವಳು ಕಾಲು ಗಂಟೆ ಹೀಗೆ ಉಜ್ಜಿಕೊಳ್ಳುವುದನ್ನು ಕಂಡಿದ್ದೇನೆ ಎಂದು ಸೇವಕಿ ವೈದ್ಯನಿಗೆ ಹೇಳುತ್ತಾಳೆ. ಒಂದು ರಾತ್ರಿ ಮನೆಯಲ್ಲಿ ಗಡಿಯಾರ ಎದುರಿಗಿಟ್ಟುಕೊಂಡು ಹದಿನೈದು ನಿಮಿಷ, ನೀರಿಲ್ಲದೆ, ಕೈ ಉಜ್ಜಿದೆ. ಐದನೆಯ ನಿಮಿಷಕ್ಕೆ ಅಂಗೈ ಬಿಸಿಯಾಯಿತು. ಹತ್ತಕ್ಕೆ ಚರ್ಮ ಕೆಂಪಗಾಗಿ ಬೆರಳ ಸಂದುಗಳು ಉರಿದವು. ಆಮೇಲೆ ಉಜ್ಜುತ್ತಿರುವುದು ನಾನೆಂಬ ಭಾವವೇ ಹೋಗಿ, ಕೈಗಳು ತಮ್ಮ ಪಾಡಿಗೆ ತಾವು ನಡೆದವು. ‘ಒಂದಿಷ್ಟು ನೀರು ಸಾಕು, ಈ ಕೃತ್ಯ ತೊಳೆದುಹೋಗುತ್ತದೆ’ ಎಂದು ಕೊಲೆಯ ರಾತ್ರಿ ಹೇಳಿದ್ದ ಹೆಂಗಸು ಇವಳೇ. ರಂಗದ ಮೇಲೆ ಅದನ್ನು ನಲವತ್ತು ಸೆಕೆಂಡಿಗೆ ಇಳಿಸಿಕೊಂಡೆ. ಆದರೆ ಆ ಹತ್ತನೆಯ ನಿಮಿಷದ ಕೈಯಿಂದಲೇ ಶುರು ಮಾಡುತ್ತಿದ್ದೆ.

ನಿರ್ದೇಶಕರ ಮಾತು ಅರ್ಥವಾದದ್ದು ಆ ವಾರ. ನಿದ್ದೆಯಲ್ಲಿ ಅವಳು ಹೇಳುತ್ತಾಳೆ: ‘ಛೀ, ಸ್ವಾಮಿ, ಛೀ! ಯೋಧರು ನೀವು, ಹೆದರಿಕೆಯೇ?’ ಮೂಲದಲ್ಲಿಯೂ ಅದು ಮೊದಲ ಅಂಕದ ಅದೇ ಪದ. ಗಂಡನನ್ನು ಚುಚ್ಚಲು ಅವಳು ಎತ್ತಿಕೊಂಡ ಮುಳ್ಳು ಅವಳ ನಿದ್ದೆಯಲ್ಲಿ ಉಳಿದುಕೊಂಡಿದೆ. ಮೊದಲ ಬಗೆಯಲ್ಲಿ ಆಡಿದಾಗ ನೂರು ಬೈಗುಳಗಳ ನಡುವೆ ಆ ‘ಹೆದರಿಕೆಯೇ’ ಕಳೆದುಹೋಗಿತ್ತು, ಇಲ್ಲಿ ಯಾರಿಗೂ ನೆನಪಾಗಲಿಲ್ಲ. ಎರಡನೆಯ ಬಗೆಯಲ್ಲಿ ಅದು ಲೆಕ್ಕದ ಒಂದು ಅಂಕಿ. ಪಿಸುದನಿಯ ‘ನೀನು’ವಿನಲ್ಲಿ ಕೇಳಿದವರು ಮಾತ್ರ ಐದನೆಯ ಅಂಕದಲ್ಲಿ ಉಸಿರು ಬಿಗಿಹಿಡಿದರು. ಮೊದಲ ಪ್ರದರ್ಶನದಲ್ಲಿ ನನಗದು ರಂಗದ ಮೇಲೆಯೇ ಕೇಳಿಸಿತು.

ನಿದ್ದೆಯಲ್ಲಿ ಅವಳು ಗಂಡನನ್ನು ಒಮ್ಮೆಯೂ ‘ದೌ’ ಎನ್ನುವುದಿಲ್ಲ. ಹಾಗಾಗಿ ನಾವೂ ಉದ್ದಕ್ಕೂ ‘ನೀವು’ ಎಂದೇ ಇಟ್ಟೆವು. ‘ಕೈ ತೊಳೆದುಕೊಳ್ಳಿ, ರಾತ್ರಿಯ ಅಂಗಿ ತೊಟ್ಟುಕೊಳ್ಳಿ, ಹಾಗೆ ಬಿಳಿಚಿಕೊಳ್ಳಬೇಡಿ.’ ಮನೆಯಲ್ಲಿ ದಿನವೂ ಆಡುವ ಮಾತು. ಕೊನೆಗೆ ‘ಬನ್ನಿ, ಬನ್ನಿ, ಕೈ ಕೊಡಿ’ ಎಂದು ನಾನು ಬಲಗೈ ಚಾಚುತ್ತಿದ್ದೆ. ಮ್ಯಾಕ್‌ಬೆತ್ ಪಾತ್ರಧಾರಿ ಆ ಹೊತ್ತಿಗೆ ನೇಪಥ್ಯದಲ್ಲಿ ಯುದ್ಧದ ಉಡುಗೆ ತೊಡುತ್ತಿರುತ್ತಿದ್ದರು. ಚಾಚಿದ ಕೈಯನ್ನು ಹಾಗೆಯೇ ಹಿಡಿದುಕೊಂಡು, ಯಾರನ್ನೋ ಕರೆದೊಯ್ಯುವವಳಂತೆ ಹೊರಗೆ ನಡೆಯುತ್ತಿದ್ದೆ. ದೀಪ ಸ್ಟೂಲಿನ ಮೇಲೆಯೇ ಉರಿಯುತ್ತಿರುತ್ತಿತ್ತು. ಸೇವಕಿ ಬಂದು ಅದನ್ನು ಎತ್ತಿಕೊಳ್ಳುತ್ತಿದ್ದಳು.