ಮೋಕಾ ಪಾಟ್‌ಗೆ ಮನೆಯ ಫಿಲ್ಟರ್ ಪುಡಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಎಡಗೈಗೆ ಬ್ಯಾಂಡೇಜ್ ಸುತ್ತಿಕೊಂಡು ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೋದ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಮೋಕಾ ಪಾಟ್ (ಒಲೆ ಮೇಲಿಟ್ಟು ಕಾಫಿ ಮಾಡುವ ಪಾತ್ರೆ) ಸಿಡಿಯಿತು. ಸೀಲಿಂಗ್ ಮೇಲೆ ಕಾಫಿ ಚರಟದ ಕಲೆ ಇನ್ನೂ ಹಾಗೇ ಇದೆ. ತಪ್ಪು ಅರ್ಧ ನನ್ನದು, ಅರ್ಧ ಅದನ್ನು ಮಾರಿದವನದು. ನಾನು ಮಾಡಿದ್ದನ್ನೇ ಇನ್ನೂ ಎಷ್ಟೋ ಮನೆಗಳಲ್ಲಿ ಮಾಡುತ್ತಿರುತ್ತಾರೆ ಅಂತ ಗುಮಾನಿ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಈ ಕಾಫಿ ಹುಚ್ಚು ಹಿಡಿದು ಒಂದು ವರ್ಷ ಆಯಿತು. ಮೂಡಿಗೆರೆ ಕಡೆಯ ನೆಂಟರು ಆಗಾಗ ಅರೇಬಿಕಾ ಬೀಜ ಕಳಿಸುತ್ತಾರೆ, ಎಸ್ 795 ತಳಿಯದು, ಹದವಾಗಿ ಹುರಿದದ್ದು. ಮೊದಲು ಪೇಪರ್ ಫಿಲ್ಟರ್ ಇಟ್ಟು ವಿ60 ಅನ್ನುವ ಆಲಿಕೆಯಂಥ ಸೋಸುಕದಲ್ಲಿ ಮಾಡಿಕೊಂಡು ಕುಡಿದೆ. ಹಾಗೇ ಕುಡಿದರೆ ಚೆನ್ನಾಗಿರುತ್ತದೆ, ಹಾಲು ಹಾಕಿದರೆ ಮಾತ್ರ ನೀರು ನೀರು. ನಮ್ಮ ಮನೆಯಲ್ಲೋ ಹಾಲಿಲ್ಲದ ಕಾಫಿಯನ್ನು ಕಷಾಯ ಅಂತಲೇ ಕರೆಯುವುದು. ಗಟ್ಟಿ ಡಿಕಾಕ್ಷನ್ ಬೇಕು, ಬೀಜದ ರುಚಿಯೂ ಉಳಿಯಬೇಕು ಅಂದರೆ ಮೋಕಾ ಪಾಟ್ ತಗೋ ಅಂದ ಆಫೀಸಿನ ಗೆಳೆಯ. 1933ರಲ್ಲಿ ಇಟಲಿಯಲ್ಲಿ ಹುಟ್ಟಿದ ಎಂಟು ಮೂಲೆಯ ಅಲ್ಯೂಮಿನಿಯಂ ಪಾತ್ರೆ ಅದು. ಕೆಳಗೆ ನೀರು, ನಡುವೆ ಪುಡಿಯ ಬುಟ್ಟಿ. ನೀರು ಕಾದಾಗ ಆವಿಯ ಒತ್ತಡ ನೀರನ್ನು ಪುಡಿಯೊಳಗಿಂದ ಮೇಲಕ್ಕೆ ತಳ್ಳುತ್ತದೆ, ಕಾಫಿ ಮೇಲಿನ ಪಾತ್ರೆಗೆ ಬಂದು ಸೇರುತ್ತದೆ. ಅಷ್ಟೇ.

ಹೊಸದಕ್ಕೆ ಯಾಕೆ ಅಷ್ಟು ದುಡ್ಡು ಅಂತ ಜಿಪುಣತನ ಮಾಡಿ ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ, 900 ರೂಪಾಯಿ, "ಎರಡೇ ಸಲ ಬಳಸಿದ್ದು" ಅಂತ ಹಾಕಿದ್ದ. ಆರು ಕಪ್‌ನದು. (ಆರು ಕಪ್ ಅಂದರೆ ನಮ್ಮ ಆರು ಲೋಟ ಅಲ್ಲ, ಅವರ ಪುಟಾಣಿ ಕಪ್. ಎಲ್ಲಾ ಸೇರಿ 300 ಮಿಲಿ ಆಸುಪಾಸು ಬರುತ್ತದೆ. ಇದು ಗೊತ್ತಾಗಿದ್ದೂ ಮನೆಗೆ ಬಂದ ಮೇಲೆ.)

ಎರಡು ವಾರ ಚೆನ್ನಾಗೇ ನಡೆಯಿತು. ಭಾನುವಾರ ನೋಡಿದರೆ ಬೀಜ ಖಾಲಿ. ಮನೆಗೆ ಭಾವ ಬೇರೆ ಬಂದಿದ್ದರು, ಅವರ ಮುಂದೆ ನನ್ನ ವಿದ್ಯೆ ತೋರಿಸದೆ ಹೇಗೆ? ಅಮ್ಮನ ಡಬ್ಬಿಯಿಂದ ಫಿಲ್ಟರ್ ಪುಡಿ ತೆಗೆದೆ. ಎಪ್ಪತ್ತು ಕಾಫಿ, ಮೂವತ್ತು ಚಿಕೋರಿ, ನುಣ್ಣಗೆ ಬೀಸಿದ್ದು. ಫಿಲ್ಟರ್‌ನಲ್ಲಿ ಬಿಲ್ಲೆ ಇಟ್ಟು ಒತ್ತುತ್ತೇವಲ್ಲ, ಅದೇ ಅಭ್ಯಾಸದಲ್ಲಿ ಬುಟ್ಟಿಗೆ ಪುಡಿ ತುಂಬಿ ಚಮಚದ ಬೆನ್ನಲ್ಲಿ ಚೆನ್ನಾಗಿ ಅದುಮಿದೆ. ಎಲ್ಲರಿಗೂ ಸಾಕಾಗಲಿ ಅಂತ ನೀರನ್ನೂ ಒಂಚೂರು ಜಾಸ್ತಿ ಹಾಕಿದೆ, ಕೆಳಗಿನ ಪಾತ್ರೆಯ ಪಕ್ಕದಲ್ಲಿರುವ ಸೇಫ್ಟಿ ವಾಲ್ವ್ ಮುಳುಗುವಷ್ಟು.

ಮಾಮೂಲಾಗಿ ಐದಾರು ನಿಮಿಷಕ್ಕೆ ಬುಸುಬುಸು ಅಂತ ಕಾಫಿ ಮೇಲೆ ಬರುತ್ತದೆ. ಅವತ್ತು ಹತ್ತು ನಿಮಿಷವಾದರೂ ಒಂದು ತೊಟ್ಟಿಲ್ಲ. ನಡುವಿನ ಸಂದಿಯಿಂದ ಸುಯ್ ಅಂತ ಆವಿ ಬರತೊಡಗಿತು. "ರೀ, ಏನೋ ಸೀದ ವಾಸನೆ ಬರ್ತಿದೆ ನೋಡ್ರಿ" ಅಂದಳು ನನ್ನವಳು. ಗ್ಯಾಸ್ ಆಫ್ ಮಾಡಿದೆ. ಅಲ್ಲಿಗೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಒಂದು ನಿಮಿಷವೂ ಕಾಯದೆ ಮಸಿಬಟ್ಟೆಯಲ್ಲಿ ಹಿಡಿದು, ಪುಡಿ ಸ್ವಲ್ಪ ಕೆದಕಿ ಮತ್ತೆ ಇಡೋಣ ಅಂತ ಪಾಟ್ ಬಿಚ್ಚಲು ತಿರುಗಿಸಿದೆ. ಅರ್ಧ ಸುತ್ತು ತಿರುಗಿತೋ ಇಲ್ಲವೋ, ಡಬ್ ಅಂತು. ಕುದಿಯುವ ನೀರು, ಒದ್ದೆ ಚರಟ ಎಲ್ಲಾ ಮಣಿಕಟ್ಟಿನಿಂದ ಮೊಣಕೈವರೆಗೆ ಬಿತ್ತು, ಮಿಕ್ಕಿದ್ದು ಸೀಲಿಂಗ್‌ಗೆ. ಮುಖ ಆ ಕಡೆ ತಿರುಗಿದ್ದಕ್ಕೆ ಕಣ್ಣು ಉಳಿಯಿತು.

ಅಮ್ಮ ಓಡಿ ಬಂದು ಟೂತ್‌ಪೇಸ್ಟ್ ಹಚ್ಚಿದರು. ಡಾಕ್ಟರು ಅದನ್ನು ನೋಡಿ ನನಗೇ ಬೈದರು. ಸುಟ್ಟರೆ ಪೇಸ್ಟ್ ಬೇಡ, ಬೆಣ್ಣೆ ಬೇಡ, ಐಸೂ ಬೇಡ, ನಲ್ಲಿ ಕೆಳಗೆ ಹರಿಯುವ ನೀರಲ್ಲಿ 20 ನಿಮಿಷ ಕೈ ಹಿಡಿಯಬೇಕಿತ್ತು ಅಂದರು.

ಮಾರನೇ ದಿನ ಪಾಟ್ ಬಿಚ್ಚಿ ನೋಡಿದೆ. ಬುಟ್ಟಿಯಲ್ಲಿದ್ದ ಪುಡಿ ಅಂಟಂಟಾಗಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಚಿಕೋರಿ ಅಂದರೆ ಹುರಿದ ಬೇರಿನ ಪುಡಿ. ಬಿಸಿನೀರು ಸೋಕಿದರೆ ಕಾಫಿಗಿಂತ ಎಷ್ಟೋ ಜಾಸ್ತಿ ಕರಗುತ್ತದೆ, ಅಂಟಾಗುತ್ತದೆ, ನೀರನ್ನು ತಡೆದು ನಿಲ್ಲಿಸುತ್ತದೆ. ನಮ್ಮ ಹಿತ್ತಾಳೆ ಫಿಲ್ಟರ್‌ಗೆ ಬೇಕಾಗಿರೋದೇ ಅದು. ಅಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ನಿಧಾನ ಆದಷ್ಟೂ ಡಿಕಾಕ್ಷನ್ ಗಟ್ಟಿ. ಪೂರ್ತಿ ಕಟ್ಟಿಕೊಂಡರೂ ಅಮ್ಮ ಮೇಲೆ ಎರಡು ಏಟು ತಟ್ಟುತ್ತಾರೆ, ಮುಗಿಯಿತು. ಮೋಕಾ ಪಾಟ್‌ನಲ್ಲಿ ಕೆಳಗಡೆ ಬೆಂಕಿ ಇದೆ, ಆವಿ ಸುಮ್ನೆ ಕೂರುವುದಿಲ್ಲ. ದಾರಿ ಕಟ್ಟಿದರೆ ಒತ್ತಡ ಏರುತ್ತಲೇ ಹೋಗುತ್ತದೆ. ಅಂಗಡಿಯ ಪುಡಿಗಳಲ್ಲಿ ಚಿಕೋರಿ 49% ವರೆಗೂ ಇರಬಹುದು, ಕಾನೂನೇ ಬಿಡುತ್ತದೆ, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು ಅಷ್ಟೇ. ಓದಿಕೊಳ್ಳಿ. ಮೋಕಾ ಪಾಟ್‌ಗೆ ಚಿಕೋರಿ ಇಲ್ಲದ ಪುಡಿಯೇ ಬೇಕು. ಬೆರಳಲ್ಲಿ ತಿಕ್ಕಿದರೆ ಪುಡಿ ಉಪ್ಪಿನ ಹಾಗೆ ತರಿ ಸಿಗಬೇಕು, ಮೈದಾ ಹಾಗೆ ಜಾರಿದರೆ ಬೇಡ. ಬುಟ್ಟಿ ತುಂಬಿಸಿ ಮೇಲೆ ಸಮ ಮಾಡಿ, ಅದುಮಲೇಬೇಡಿ.

ಸರಿ, ಪುಡಿ ಕಟ್ಟಿಕೊಂಡಿತು. ಹಾಗಾದಾಗ ಕಾಪಾಡಲಿಕ್ಕೆ ಅಂತಲೇ ಕೆಳಗಿನ ಪಾತ್ರೆಯ ಪಕ್ಕದಲ್ಲಿ ಒಂದು ಪುಟ್ಟ ಹಿತ್ತಾಳೆ ವಾಲ್ವ್ ಇರುತ್ತದೆ, ಕುಕ್ಕರ್‌ನ ಸೇಫ್ಟಿ ವಾಲ್ವ್ ತರಹ. ಅದು ಯಾಕೆ ತೆರೆಯಲಿಲ್ಲ? ಒಳಗಿಂದ ಟಾರ್ಚ್ ಬಿಟ್ಟು ನೋಡಿದರೆ ಬೆಳ್ಳಗೆ ಸುಣ್ಣ ಕಟ್ಟಿತ್ತು, ಬೋರ್‌ವೆಲ್ ನೀರಿನ ಗೀಸರ್ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಹಾಗೆ. ನಡುವಿನ ಪಿನ್ ಒತ್ತಿದರೆ ಅಲ್ಲಾಡಲೇ ಇಲ್ಲ. ಅದರ ಮೇಲೆ ನಾನು ನೀರು ಬೇರೆ ವಾಲ್ವ್ ದಾಟಿಸಿದ್ದೆ. ರಬ್ಬರ್ ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟಿತ್ತು. ಎರಡು ಸಲ ಬಳಸಿದ್ದಂತೆ! ಎರಡು ವಾರದಲ್ಲಿ ನಾನೇ ಕಟ್ಟಿಸುವಷ್ಟು ಸುಣ್ಣ ಅಲ್ಲ ಅದು, ವರ್ಷಗಟ್ಟಲೆ ಕಟ್ಟಿದ್ದು. ಫೋಟೋ ಕಳಿಸಿದೆ, ಪುಣ್ಯಾತ್ಮ ಬ್ಲಾಕ್ ಮಾಡಿದ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಹೊಳಪು ನೋಡಬೇಡಿ, ಈ ವಾಲ್ವ್ ನೋಡಿ. ಪಿನ್ ಇರುವಂಥದ್ದಾದರೆ ಒತ್ತಿದಾಗ ಒಳಗೆ ಹೋಗಿ ವಾಪಸ್ ಬರಬೇಕು. ಗ್ಯಾಸ್ಕೆಟ್ ಬೇರೆ ಸಿಗುತ್ತದೆ, ಹೊಸದು ಹಾಕಿಸಿ, ಜಾಸ್ತಿ ಖರ್ಚಿಲ್ಲ. ಗಡಸು ನೀರಿದ್ದರೆ ಫಿಲ್ಟರ್ ನೀರು ಹಾಕಿ, ಆಗಾಗ ನಿಂಬೆರಸದ ನೀರಲ್ಲಿ ಕಾಯಿಸಿ ತೊಳೆಯಿರಿ. ಮತ್ತೆ ಕಾಫಿ ಬರಲಿಲ್ಲ ಅಂದರೆ ಗ್ಯಾಸ್ ಆರಿಸಿ ದೂರ ನಿಂತುಬಿಡಿ. ಪಾಟ್ ಪೂರ್ತಿ ತಣ್ಣಗಾಗುವವರೆಗೆ ಕೈ ಹಾಕಬೇಡಿ, ಅರ್ಧ ಗಂಟೆ ಆದರೂ ಆಗಲಿ.

ಆ ಪಾಟನ್ನು ಕೊಡ್ತೀಯಾ, ರಿಪೇರಿ ಮಾಡಿಸ್ಕೋತೀನಿ ಅಂತ ಇಬ್ಬರು ಕೇಳಿದರು. ಇಲ್ಲ. ವಾಲ್ವ್ ಇರುವ ಕೆಳಭಾಗವನ್ನು ಜಜ್ಜಿ ಗುಜರಿಗೆ ಹಾಕಿದ್ದೇನೆ. ಮೇಲ್ಭಾಗದಲ್ಲಿ ಅಮ್ಮ ಚಮಚ ಇಟ್ಟಿದ್ದಾರೆ. ಸೀಲಿಂಗ್‌ಗೆ ಬಣ್ಣ ಹೊಡೆಸದಿದ್ದರೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತೇನೆ ಅಂತ ಓನರ್ ಹೇಳಿ ಹೋದರು.